ಎರಡನೇ ಸ್ಥಾನ ಬಂದರೂ ಬಡ್ತಿ ಯಾಕಿಲ್ಲ?

ಪ್ರಶ್ನೆ: ಕ್ಲಬ್ ನಡೆಸುವ ಕಂಪ್ಯೂಟರ್ ಗೇಮ್ ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ಇಂಗ್ಲೆಂಡಿನ ನ್ಯಾಷನಲ್ ಲೀಗ್ ನಾರ್ತ್‌ನ ಒಂದು ಕ್ಲಬ್ ಹಿಡಿದು ಆಡುತ್ತಿದ್ದೇನೆ. ಸೀಸನ್ ಮುಗಿದಾಗ ಎರಡನೇ ಸ್ಥಾನದಲ್ಲಿದ್ದೆ. ಆದರೂ ಬಡ್ತಿ ಸಿಗಲಿಲ್ಲ. ನನಗಿಂತ 14 ಪಾಯಿಂಟ್ ಹಿಂದಿದ್ದ ಆರನೇ ಸ್ಥಾನದ ತಂಡ ಮೇಲೆ ಹೋಯಿತು! ಅದು ಸಾಲದು ಅಂತ ಮುಂದಿನ ಸೀಸನ್‌ಗೆ ನನ್ನ ಕ್ಲಬ್ಬನ್ನು ನಾರ್ತ್‌ನಿಂದ ತೆಗೆದು ಸೌತ್‌ಗೆ ಹಾಕಿದ್ದಾರೆ. ನನ್ನ ಗೆಳೆಯ ತನ್ನ ಸೇವ್‌ನಲ್ಲಿ (ಉಳಿಸಿಟ್ಟುಕೊಂಡು ಆಡುವ ಆಟದಲ್ಲಿ) ಕೊನೆಯಿಂದ ನಾಲ್ಕನೆಯವನಾದರೂ ಬಚಾವಾಗಿದ್ದಾನೆ. ಇದೆಲ್ಲ ಬಗ್ಗಾ, ಅಂದರೆ ಗೇಮ್‌ನ ದೋಷವಾ? ಇಂಡಿಯಾದ ಲೀಗ್ ತೆಗೆದುಕೊಂಡರೆ ಈ ಗೋಳು ತಪ್ಪುತ್ತದೆಯೇ?
ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬಗ್ ಅಲ್ಲ. ನಿಮಗೆ ಆಗಿದ್ದೆಲ್ಲ ಇಂಗ್ಲೆಂಡಿನ ಅಸಲಿ ನಿಯಮದ ಪ್ರಕಾರವೇ ಆಗಿದೆ. ಗೇಮ್ ಮಾಡುವ ಸ್ಪೋರ್ಟ್ಸ್ ಇಂಟರಾಕ್ಟಿವ್‌ನವರು ಆ ನಿಯಮಗಳನ್ನು ಹೆಚ್ಚುಕಡಿಮೆ ಹಾಗೆಹಾಗೇ ಒಳಗೆ ತುಂಬಿಟ್ಟಿದ್ದಾರೆ. ತೊಂದರೆ ಏನೆಂದರೆ ನಾವು ಟೇಬಲ್ ಒಂದನ್ನೇ ನೋಡುತ್ತೇವೆ. ಟೇಬಲ್ ಹೇಳುವುದು ರ‍್ಯಾಂಕ್ ಮಾತ್ರ. ಮುಂದಿನ ಸೀಸನ್ ಯಾರು ಎಲ್ಲಿ ಆಡುತ್ತಾರೆ ಅನ್ನುವುದು ಸೀಟಿನ ಲೆಕ್ಕ. ಸಿಇಟಿ ಕೌನ್ಸೆಲಿಂಗ್‌ಗೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳ್ಳೆ ರ‍್ಯಾಂಕ್ ಇದ್ದರೂ ಸೀಟು ಎಷ್ಟಿದೆ, ಯಾವ ಕೋಟಾದಲ್ಲಿದೆ, ಯಾರು ಬಿಟ್ಟುಹೋದರು ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ.

ಮೊದಲು ಏಣಿಯನ್ನು ಬೇಗ ನೋಡಿಬಿಡೋಣ. ತುದಿಯಲ್ಲಿ 20 ತಂಡಗಳ ಪ್ರೀಮಿಯರ್ ಲೀಗ್. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ, ತಲಾ 24 ತಂಡ. ಐದನೇ ಮೆಟ್ಟಿಲು ನ್ಯಾಷನಲ್ ಲೀಗ್, ಅಲ್ಲೂ 24. ಆರನೇ ಮೆಟ್ಟಿಲಿಗೆ ಬಂದಾಗ ದಾರಿ ಎರಡಾಗುತ್ತದೆ: ನಾರ್ತ್ ಮತ್ತು ಸೌತ್, ತಲಾ 24. ನೀವಿರುವುದು ಇಲ್ಲಿ. ಏಳನೇ ಮೆಟ್ಟಿಲಲ್ಲಿ ನಾಲ್ಕು ವಿಭಾಗ: ನಾರ್ದರ್ನ್ ಪ್ರೀಮಿಯರ್, ಸದರ್ನ್ ಸೆಂಟ್ರಲ್, ಸದರ್ನ್ ಸೌತ್, ಇಸ್ತ್‌ಮಿಯನ್. ಕೆಳಗೆ ಹೋದಷ್ಟೂ ವಿಭಾಗ ಜಾಸ್ತಿ, ಬಸ್ ಖರ್ಚು ಕಡಿಮೆ. ಇಷ್ಟು ಗೊತ್ತಿದ್ದರೆ ಸಾಕು.

ಈಗ ನಿಮ್ಮ ಎರಡನೇ ಸ್ಥಾನದ ಕಥೆ. ನಾರ್ತ್‌ನಿಂದ ಮೇಲೆ ಹೋಗಲು ಇರುವುದು ಎರಡೇ ಸೀಟು. ಒಂದು ನೇರವಾಗಿ ಚಾಂಪಿಯನ್‌ಗೆ. ಇನ್ನೊಂದಕ್ಕೆ 2ರಿಂದ 7ರವರೆಗಿನ ಆರು ತಂಡಗಳು ಪ್ಲೇ-ಆಫ್ (ಲೀಗ್ ಮುಗಿದ ಮೇಲಿನ ನಾಕೌಟ್ ಪಂದ್ಯಗಳು) ಆಡಬೇಕು. ಮೊದಲ ಸುತ್ತಿನಲ್ಲಿ ನಾಲ್ಕನೆಯವರ ವಿರುದ್ಧ ಏಳನೆಯವರು, ಐದನೆಯವರ ವಿರುದ್ಧ ಆರನೆಯವರು. ಎರಡು ಮತ್ತು ಮೂರನೇ ಸ್ಥಾನದವರು ಸೀದಾ ಸೆಮಿಫೈನಲ್‌ಗೆ. ಎಲ್ಲವೂ ಒಂದೇ ಪಂದ್ಯದ ತೀರ್ಮಾನ, ಮೇಲಿನ ರ‍್ಯಾಂಕಿನವರ ಮೈದಾನದಲ್ಲಿ. ಅಂದರೆ ಎರಡನೇ ಸ್ಥಾನಕ್ಕೆ ಸಿಗುವ ಬಹುಮಾನ ಏನು? ಒಂದು ಸುತ್ತು ರಜೆ, ಎರಡು ಹೋಮ್ ಪಂದ್ಯ. ಅಷ್ಟೇ. ನಿಮ್ಮ 14 ಪಾಯಿಂಟಿನ ಮುನ್ನಡೆಗೆ ಅಲ್ಲಿ ಮೂರು ಕಾಸಿನ ಬೆಲೆ ಇಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಸೆಮಿಫೈನಲ್ ಗೆಲ್ಲುವ ಸಾಧ್ಯತೆ ನಿಮಗೆ ನೂರಕ್ಕೆ 60 ಅಂದುಕೊಳ್ಳೋಣ. ಫೈನಲ್‌ಗೂ 60. ಎರಡನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 36. ಅಂದರೆ ಒಳ್ಳೆ ತಂಡ, ಹೋಮ್ ಮೈದಾನ ಎಲ್ಲ ಇದ್ದೂ ಮೂರು ಸಲಕ್ಕೆ ಎರಡು ಸಲ ನೀವು ಕೆಳಗೇ ಉಳಿಯುತ್ತೀರಿ. ಏಳನೇ ಸ್ಥಾನದವನಿಗೆ ಪ್ರತಿ ಪಂದ್ಯಕ್ಕೆ 35 ಅಂದುಕೊಂಡರೆ, ಮೂರು ಗೆಲ್ಲುವ ಸಾಧ್ಯತೆ ನೂರಕ್ಕೆ ನಾಲ್ಕು ಚಿಲ್ಲರೆ. ಅವನದು ಲಾಟರಿ, ಒಪ್ಪುತ್ತೇನೆ. ಆದರೆ ನಿಮ್ಮದೂ ಗ್ಯಾರಂಟಿ ಅಲ್ಲ. ಗೇಮ್ ಇಲ್ಲಿ ಬೇಕಂತ ನಿಮ್ಮನ್ನು ಸೋಲಿಸಲಿಲ್ಲ. ಪಂದ್ಯದ ಇಂಜಿನ್‌ಗೆ ಅದು ಇನ್ನೊಂದು ಪಂದ್ಯ, ದಾಳ ಉರುಳಿತು, ನಿಮ್ಮ ಕಡೆ ಬೀಳಲಿಲ್ಲ.

ನಿಜವಾದ ಫುಟ್‌ಬಾಲ್‌ನಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯಗಳು ನಡೆದಿವೆ. ಒಂದು ಮೆಟ್ಟಿಲು ಮೇಲೆ, ನ್ಯಾಷನಲ್ ಲೀಗ್‌ನಲ್ಲಿ, 2022–23ರ ಸೀಸನ್ ನೆನಪಿಸಿಕೊಳ್ಳಿ. ರೆಕ್ಸ್‌ಹ್ಯಾಮ್ 111 ಪಾಯಿಂಟ್ ಗಳಿಸಿ ಚಾಂಪಿಯನ್ ಆಯಿತು. ನಾಟ್ಸ್ ಕೌಂಟಿ 107 ಗಳಿಸಿ ಎರಡನೆಯದಾಯಿತು. 46 ಪಂದ್ಯಗಳಲ್ಲಿ ಆ ತಂಡ ಸೋತದ್ದು ಮೂರರಲ್ಲಿ ಮಾತ್ರ! ಏಪ್ರಿಲ್ 10ರಂದು ಇವರಿಬ್ಬರೂ ಮುಖಾಮುಖಿಯಾದಾಗ ರೆಕ್ಸ್‌ಹ್ಯಾಮ್ 3–2ರಲ್ಲಿ ಮುಂದಿತ್ತು. ಹೆಚ್ಚುವರಿ ನಿಮಿಷಗಳಲ್ಲಿ ನಾಟ್ಸ್ ಕೌಂಟಿಗೆ ಪೆನಾಲ್ಟಿ ಸಿಕ್ಕಿತು. ನಿವೃತ್ತಿ ಮುರಿದು ಬಂದಿದ್ದ ಗೋಲ್‌ಕೀಪರ್ ಬೆನ್ ಫಾಸ್ಟರ್ ಅದನ್ನು ತಡೆದುಬಿಟ್ಟರು. ಆ ಒಂದು ಕೈ ಅಡ್ಡ ಬಾರದಿದ್ದರೆ ಪಂದ್ಯ ಡ್ರಾ, ಚಾಂಪಿಯನ್ ಪಟ್ಟದ ಲೆಕ್ಕವೇ ಬೇರೆ ಇರುತ್ತಿತ್ತು.

ಆಮೇಲೆ ಪ್ಲೇ-ಆಫ್‌ನಲ್ಲಿ ಏನಾಯಿತು ನೋಡಿ. ಸೆಮಿಫೈನಲ್‌ನಲ್ಲಿ ಆರನೇ ಸ್ಥಾನದ ಬೋರಮ್ ವುಡ್ ವಿರುದ್ಧ ನಾಟ್ಸ್ ಕೌಂಟಿ ಎರಡು ಗೋಲು ಹಿಂದೆ ಬಿತ್ತು. ಹೇಗೋ ಸಮ ಮಾಡಿಕೊಂಡು, ಹೆಚ್ಚುವರಿ ಅವಧಿಯ ಕೊನೆ ಗಳಿಗೆಯಲ್ಲಿ 3–2ರಿಂದ ಗೆದ್ದಿತು. ಲಂಡನ್ನಿನ ವೆಂಬ್ಲಿ ಮೈದಾನದ ಫೈನಲ್‌ನಲ್ಲಿ ಎದುರಾಳಿ ಚೆಸ್ಟರ್‌ಫೀಲ್ಡ್, 84 ಪಾಯಿಂಟಿನ ಮೂರನೇ ಸ್ಥಾನದ ತಂಡ. 23 ಪಾಯಿಂಟ್ ವ್ಯತ್ಯಾಸ! ಅಲ್ಲೂ 2–2, ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ನಾಟ್ಸ್ ಕೌಂಟಿ ದಡ ಸೇರಿತು. ಯಾರ್ಕ್ ಸಿಟಿಗೆ ಆ ಅದೃಷ್ಟವೂ ಇರಲಿಲ್ಲ. 2024–25ರಲ್ಲಿ 96 ಪಾಯಿಂಟ್ ಗಳಿಸಿ ಎರಡನೇ ಸ್ಥಾನದಲ್ಲಿತ್ತು. 73 ಪಾಯಿಂಟಿನ ಓಲ್ಡಮ್ ಸೆಮಿಫೈನಲ್‌ಗೆ ಅವರ ಮನೆಗೇ ಬಂದು 3–0ಯಿಂದ ಹೊಡೆದು, ಫೈನಲನ್ನೂ ಗೆದ್ದು ಮೇಲೆ ಹೋಯಿತು. ಅಲ್ಲೂ ಅದೇ 23 ಪಾಯಿಂಟ್ ಅಂತರ. ನಿಮ್ಮ 14 ಇದರ ಮುಂದೆ ಏನೂ ಅಲ್ಲ, ಅಲ್ವಾ?

ಈ ಬಿಗಿ ಯಾಕೆ ಅಂದರೆ, ಮೇಲಿನವರು ಬಾಗಿಲನ್ನು ಸ್ವಲ್ಪವೇ ತೆರೆದಿದ್ದಾರೆ. 1986–87ಕ್ಕೆ ಮುಂಚೆ ನಾಲ್ಕನೇ ಮೆಟ್ಟಿಲಿಗೆ ಕೆಳಗಿನಿಂದ ನೇರ ಬಡ್ತಿಯೇ ಇರಲಿಲ್ಲ. ಲೀಗ್‌ನ ಕ್ಲಬ್‌ಗಳು ಮತ ಹಾಕಿ ಯಾರನ್ನು ಸೇರಿಸಿಕೊಳ್ಳಬೇಕು ಅಂತ ತೀರ್ಮಾನಿಸುತ್ತಿದ್ದವು. ಒಳಗಿದ್ದವರು ಒಳಗಿದ್ದವರಿಗೇ ಮತ ಹಾಕುತ್ತಿದ್ದದ್ದೇ ಜಾಸ್ತಿ, ಅದನ್ನು ಹೇಳಬೇಕಿಲ್ಲ. 1987ರಲ್ಲಿ ನೀಲ್ ವಾರ್ನಕ್ ಅವರ ಸ್ಕಾರ್‌ಬರೋ ಮೊದಲ ಸಲ ನೇರವಾಗಿ ಮೇಲೆ ಹೋಯಿತು, ಲಿಂಕನ್ ಸಿಟಿ ಮೊದಲ ಸಲ ನೇರವಾಗಿ ಕೆಳಗೆ ಬಂತು. ಆಗ ಇದ್ದದ್ದು ಒಂದೇ ಸೀಟು. ಎರಡನೆಯದು ಸೇರಿದ್ದು 2002–03ರಲ್ಲಿ. ಮೂರು ಸೀಟು ಕೊಡಿ ಅಂತ ನ್ಯಾಷನಲ್ ಲೀಗ್ ಕ್ಲಬ್‌ಗಳು ಅಭಿಯಾನವನ್ನೇ ಮಾಡಿವೆ. ನನ್ನ ಪ್ರಕಾರ ಅವರ ಬೇಡಿಕೆ ನ್ಯಾಯವಾದದ್ದೇ. ಲೀಗ್ ಒನ್‌ನಿಂದ ಲೀಗ್ ಟೂಗೆ ನಾಲ್ಕು ತಂಡ ಇಳಿಯುತ್ತವೆ, ಅದರ ಕೆಳಗಿನ ಬಾಗಿಲಲ್ಲಿ ಮಾತ್ರ ಎರಡು ಅಂದರೆ ಯಾವ ಲೆಕ್ಕ?

ಇನ್ನು ನಾರ್ತ್‌ನಿಂದ ಸೌತ್‌ಗೆ ಹೋದದ್ದು. ಇದು ಎಲ್ಲರಿಗೂ ತಲೆ ಕೆಡಿಸುವ ವಿಷಯ. ಗೇಮ್‌ನ ಎಡಿಟರ್‌ನಲ್ಲಿ ಕೂತು ಲೀಗ್‌ಗಳ ನಿಯಮದ ಫೈಲ್ ಬರೆಯುವ ನಮಗೂ ಇಲ್ಲೇ ಅತಿ ಹೆಚ್ಚು ಕೆಲಸ. ನಿಧಾನವಾಗಿ ಎಣಿಸೋಣ.

ನಾರ್ತ್, ಸೌತ್ ಸೇರಿ 48 ಸೀಟು. ಸೀಸನ್ ಮುಗಿದಾಗ ಎರಡರಿಂದ ತಲಾ ಇಬ್ಬರು ಮೇಲೆ ಹೋಗುತ್ತಾರೆ, ತಲಾ ನಾಲ್ವರು ಕೆಳಗೆ ಬೀಳುತ್ತಾರೆ. ಒಟ್ಟು 12 ಸೀಟು ಖಾಲಿ. ಮೇಲಿನ ನ್ಯಾಷನಲ್ ಲೀಗ್‌ನಿಂದ ನಾಲ್ಕು ತಂಡ ಇಳಿಯುತ್ತವೆ. ಕೆಳಗಿನ ನಾಲ್ಕು ವಿಭಾಗಗಳಿಂದ ತಲಾ ಎರಡರಂತೆ ಎಂಟು ತಂಡ ಏರುತ್ತವೆ. 12 ಭರ್ತಿ. ಲೆಕ್ಕ ಸರಿಹೋಯಿತು ಅನ್ನಿಸುತ್ತದೆ. ಆದರೆ ಒಟ್ಟು ಸರಿಹೋದರೆ ಸಾಲದು, ನಾರ್ತ್‌ನಲ್ಲಿ 24, ಸೌತ್‌ನಲ್ಲಿ 24 ಇರಲೇಬೇಕು.

ನಾರ್ತ್‌ನಲ್ಲಿ ಉಳಿದವರು 18, ಸೌತ್‌ನಲ್ಲೂ 18. ಕೆಳಗಿನಿಂದ ಬಂದ ಎಂಟರಲ್ಲಿ ನಾಲ್ಕು ಉತ್ತರದವು, ನಾಲ್ಕು ದಕ್ಷಿಣದವು ಅಂದುಕೊಳ್ಳಿ. ಈಗ 22 ಮತ್ತು 22. ಮೇಲಿನಿಂದ ಇಳಿದ ನಾಲ್ಕರಲ್ಲಿ ಎರಡು ಉತ್ತರದವು, ಎರಡು ದಕ್ಷಿಣದವು ಆಗಿದ್ದರೆ ಎಲ್ಲ ಸಲೀಸು. ಆದರೆ ನಾಲ್ಕೂ ಉತ್ತರದವೇ ಆಗಿಬಿಟ್ಟರೆ? ನಾರ್ತ್‌ನಲ್ಲಿ 26, ಸೌತ್‌ನಲ್ಲಿ 22. ಆಗ ನಾರ್ತ್‌ನಲ್ಲಿರುವ ಅತಿ ದಕ್ಷಿಣದ ಎರಡು ಕ್ಲಬ್‌ಗಳನ್ನು ಎತ್ತಿ ಆಚೆ ಹಾಕುತ್ತಾರೆ. ಆ ಕ್ಲಬ್‌ಗಳು ಏನೂ ತಪ್ಪು ಮಾಡಿರುವುದಿಲ್ಲ. ನಕ್ಷೆಯ ಗಡಿಯಲ್ಲಿ ಮನೆ ಕಟ್ಟಿಕೊಂಡದ್ದೇ ತಪ್ಪು. ಗೇಮ್ ಒಳಗೂ ಇದೇ ನಡೆಯುತ್ತದೆ. ಊರು ಎಲ್ಲಿದೆ ಅಂತ ನೋಡಿ, ಸಾಲಾಗಿ ನಿಲ್ಲಿಸಿ, 24ಕ್ಕೆ ಗೆರೆ ಎಳೆಯುತ್ತದೆ. ನಿಮ್ಮದು ಮಧ್ಯ ಇಂಗ್ಲೆಂಡಿನ ಕ್ಲಬ್ ಇರಬೇಕು, ನನ್ನ ಊಹೆ.

ಅಸಲಿ ಉದಾಹರಣೆ ಬೇಕಾದರೆ ಗ್ಲಾಸ್ಟರ್ ಸಿಟಿ ಇದೆ. ನಾರ್ತ್‌ನಲ್ಲಿದ್ದ ಅದನ್ನು 2017–18ಕ್ಕೆ ಸೌತ್‌ಗೆ ಹಾಕಿದರು, ಆಮೇಲೆ 2019–20ಕ್ಕೆ ವಾಪಸ್ ನಾರ್ತ್‌ಗೆ ತಂದರು. ಇನ್ನೂ ವಿಚಿತ್ರ ಬಿಷಪ್ಸ್ ಸ್ಟಾರ್ಟ್‌ಫರ್ಡ್‌ನದು. ಆ ಊರು ಲಂಡನ್ನಿನ ಹತ್ತಿರ, ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದ ಪಕ್ಕದಲ್ಲಿದೆ. 2023–24ರಲ್ಲಿ ಅದನ್ನು ನಾರ್ತ್‌ಗೆ ಸೇರಿಸಿದರು. ಅದೇ ವಿಭಾಗದಲ್ಲಿದ್ದ ಬ್ಲೈತ್ ಸ್ಪಾರ್ಟನ್ಸ್ ಇರುವುದು ಸ್ಕಾಟ್ಲೆಂಡ್ ಗಡಿಯ ಕಡೆ, ರಸ್ತೆಯಲ್ಲಿ ಸುಮಾರು 400 ಕಿಲೋಮೀಟರ್ ದೂರ. ಈ ಮಟ್ಟದಲ್ಲಿ ಎಷ್ಟೋ ಆಟಗಾರರು ಹಗಲು ಬೇರೆ ಕೆಲಸ ಮಾಡುವವರು. ಅವರಿಗೆ ಇದು ಎಂಥ ಶಿಕ್ಷೆ ಅಂತ ನೀವೇ ಯೋಚಿಸಿ.

ನಿಮ್ಮ ಗೆಳೆಯನ ವಿಷಯಕ್ಕೆ ಬರೋಣ. ಮೊದಲು ಅವನ ಟೇಬಲ್‌ನಲ್ಲಿ ಎಷ್ಟು ತಂಡ ಇವೆ ಅಂತ ಕೇಳಿ. 22 ಇದ್ದರೆ ಉತ್ತರ ಅಲ್ಲೇ ಸಿಕ್ಕಿತು. ನಾರ್ತ್ ಮತ್ತು ಸೌತ್ ತಲಾ 24 ತಂಡಗಳಾದದ್ದು 2022–23ರಲ್ಲಿ. ಅದಕ್ಕೂ ಹಿಂದೆ 22 ತಂಡಗಳಿದ್ದ ಕಾಲದಲ್ಲಿ, ಉದಾಹರಣೆಗೆ 2018–19ರಲ್ಲಿ, ಹಿಂಬಡ್ತಿ ತಲಾ ಮೂರಕ್ಕೆ ಮಾತ್ರ. ಗೇಮ್‌ನ ಪ್ರತಿ ಆವೃತ್ತಿಯಲ್ಲೂ ಆಯಾ ವರ್ಷದ ನಿಯಮ ಇರುತ್ತದೆ. ಅವನು ಹಳೇ ಆವೃತ್ತಿ ಆಡುತ್ತಿದ್ದರೆ ಕೊನೆಯಿಂದ ನಾಲ್ಕನೆಯವನು ಬಚಾವಾಗಿದ್ದರಲ್ಲಿ ಆಶ್ಚರ್ಯವೇ ಇಲ್ಲ.

24 ತಂಡ ಇದ್ದೂ ಉಳಿದುಕೊಂಡಿದ್ದರೆ, ಬೇರೆ ಎಲ್ಲೋ ಒಂದು ಸೀಟು ಖಾಲಿಯಾಗಿದೆ ಅಂತ ಅರ್ಥ. ಅಥವಾ ಯಾವುದೋ ಕ್ಲಬ್ ಹಣದ ತಾಪತ್ರಯಕ್ಕೆ ಸಿಕ್ಕಿ ಪಾಯಿಂಟ್ ಕಳೆದುಕೊಂಡು, ಟೇಬಲ್ಲೇ ಬದಲಾಗಿದೆ. ಪಾಯಿಂಟ್ ಕಡಿತ ಎಷ್ಟು ಕ್ರೂರ ಆಗಬಹುದು ಅನ್ನುವುದಕ್ಕೆ ಲೂಟನ್ ಟೌನ್ ಸಾಕ್ಷಿ. 2008–09ರಲ್ಲಿ ಆ ಕ್ಲಬ್ ಸೀಸನ್ ಶುರು ಮಾಡಿದ್ದೇ ಮೈನಸ್ 30 ಪಾಯಿಂಟಿನಿಂದ. ಲೀಗ್ ಟೂನಿಂದ ಕೆಳಗೆ ಬಿತ್ತು, ಐದನೇ ಮೆಟ್ಟಿಲಲ್ಲಿ ವರ್ಷಗಟ್ಟಲೆ ಕಳೆಯಿತು, 2023ರಲ್ಲಿ ಪ್ರೀಮಿಯರ್ ಲೀಗನ್ನೇ ಮುಟ್ಟಿತು.

ಸೀಟು ಖಾಲಿಯಾಗುವ ಇನ್ನೊಂದು ದಾರಿ ಮೈದಾನ. ಮೇಲಿನ ಲೀಗ್‌ಗೆ ಬೇಕಾದ ಸೌಲಭ್ಯ ಇಲ್ಲದಿದ್ದರೆ ಚಾಂಪಿಯನ್ ಆದರೂ ಒಳಗೆ ಬಿಡುವುದಿಲ್ಲ. 1994ರಲ್ಲಿ ಕಿಡರ್‌ಮಿನ್‌ಸ್ಟರ್, 1995ರಲ್ಲಿ ಮ್ಯಾಕಲ್ಸ್‌ಫೀಲ್ಡ್, 1996ರಲ್ಲಿ ಸ್ಟೀವನೇಜ್. ಸತತ ಮೂರು ವರ್ಷ ಐದನೇ ಮೆಟ್ಟಿಲಿನ ಚಾಂಪಿಯನ್‌ಗೆ ಬಾಗಿಲು ಹಾಕಿದರು. ಆ ಮೂರು ವರ್ಷ ಕೊನೇ ಸ್ಥಾನದಲ್ಲಿದ್ದ ನಾರ್ತ್‌ಹ್ಯಾಂಪ್ಟನ್, ಎಕ್ಸೆಟರ್, ಟಾರ್ಕಿ ಸುಮ್ನೆ ಕೂತಲ್ಲೇ ಬಚಾವಾದವು. 2019–20ರಲ್ಲಿ ಅದೇ ಸ್ಟೀವನೇಜ್ ಲೀಗ್ ಟೂನ ತಳದಲ್ಲಿತ್ತು, ಗಂಟುಮೂಟೆ ಕಟ್ಟುವುದೊಂದು ಬಾಕಿ. ಅಷ್ಟರಲ್ಲಿ ಇನ್ನೊಂದು ಕ್ಲಬ್‌ಗೆ ಪಾಯಿಂಟ್ ಕಡಿತವಾಗಿ ಸ್ಟೀವನೇಜ್ ಉಳಿಯಿತು, ಆ ಕ್ಲಬ್ ಬಿತ್ತು. ಬಿದ್ದದ್ದು ಯಾರು ಗೊತ್ತೇ? ಮ್ಯಾಕಲ್ಸ್‌ಫೀಲ್ಡ್!

ಈಚಿನ ಪ್ರಕರಣ ಗೇಟ್ಸ್‌ಹೆಡ್‌ನದು. 2023–24ರಲ್ಲಿ ನ್ಯಾಷನಲ್ ಲೀಗ್‌ನಲ್ಲಿ ಆರನೇ ಸ್ಥಾನ, ಪ್ಲೇ-ಆಫ್ ಅರ್ಹತೆ ಇತ್ತು. ಆದರೆ ಆಡುವ ಮೈದಾನ ಸ್ಥಳೀಯ ಕೌನ್ಸಿಲ್‌ನದು. ಮುಂದಿನ ಹತ್ತು ವರ್ಷ ಅದು ನಮ್ಮ ಕೈಯಲ್ಲಿರುತ್ತದೆ ಅಂತ ಪತ್ರ ತೋರಿಸಲು ಆಗಲಿಲ್ಲ. ಪ್ಲೇ-ಆಫ್‌ನಿಂದಲೇ ಹೊರಗೆ ಹಾಕಿದರು. ಎಂಟನೇ ಸ್ಥಾನದವರನ್ನು ಅವರ ಜಾಗಕ್ಕೆ ಕರೆಯಲೂ ಇಲ್ಲ. ಎದುರಾಳಿಯಾಗಬೇಕಿದ್ದ ಸೋಲಿಹಲ್ ಮೂರ್ಸ್ ಆಡದೆಯೇ ಸೆಮಿಫೈನಲ್‌ಗೆ ಹೋಯಿತು. ಆಮೇಲೆ ಕೆಳ ಮೆಟ್ಟಿಲಿನ ಕ್ಲಬ್‌ಗಳ ನಾಕೌಟ್ ಕಪ್ ಆದ ಎಫ್ಎ ಟ್ರೋಫಿಯ ಫೈನಲ್‌ನಲ್ಲಿ ಅದೇ ಸೋಲಿಹಲ್ ಎದುರಾದಾಗ ಗೇಟ್ಸ್‌ಹೆಡ್ ವೆಂಬ್ಲಿಯಲ್ಲಿ ಪೆನಾಲ್ಟಿಯಲ್ಲಿ ಗೆದ್ದು ಸೇಡು ತೀರಿಸಿಕೊಂಡಿತು. ಗೇಮ್‌ನಲ್ಲಿ ಇಂಥದ್ದು ಅಪರೂಪ. ಸಾಮಾನ್ಯವಾಗಿ ಕ್ಲಬ್ಬಿನ ಆಡಳಿತ ಮಂಡಳಿಯೇ ಮೈದಾನ ದೊಡ್ಡದು ಮಾಡಿಸುತ್ತದೆ, ಇಲ್ಲವೇ ಬೇರೆಯವರ ಮೈದಾನ ಬಾಡಿಗೆಗೆ ಹಿಡಿಯುತ್ತದೆ.

ಸ್ಪೇನ್‌ನ ಕೆಳ ವಿಭಾಗ ಆಡುವ ಆಸೆ ಇದ್ದರೆ ಒಂದು ಎಚ್ಚರಿಕೆ. ಅಲ್ಲಿ ದೊಡ್ಡ ಕ್ಲಬ್‌ಗಳ ಬಿ ತಂಡಗಳೂ ಅದೇ ಏಣಿಯಲ್ಲಿವೆ. ಒಂದೇ ಕ್ಲಬ್ಬಿನ ಎರಡು ತಂಡ ಒಂದೇ ಮೆಟ್ಟಿಲಲ್ಲಿ ಇರುವಂತಿಲ್ಲ. 2012ರಲ್ಲಿ ವಿಯಾರಿಯಲ್ ಮೊದಲ ವಿಭಾಗದಿಂದ ಬಿದ್ದಾಗ, ಎರಡನೇ ವಿಭಾಗದಲ್ಲಿ ತಾನು ಸುರಕ್ಷಿತವಾಗಿದ್ದ ಅದರ ಬಿ ತಂಡವೂ ಜೊತೆಗೇ ಕೆಳಗೆ ಇಳಿಯಬೇಕಾಯಿತು.

ಗೇಮ್ ಅಸಲಿ ಫುಟ್‌ಬಾಲ್‌ನಿಂದ ಬೇರೆಯಾಗುವ ಜಾಗ ಒಂದಿದೆ, ಅದು ನಿಮ್ಮ ಕಾಲ ಕೆಳಗೇ ಇದೆ. ಇಂಗ್ಲೆಂಡಿನಲ್ಲಿ ಗೇಮ್ ತಾನಾಗಿ ಆಡಲು ಕೊಡುವ ಕೊನೇ ಮೆಟ್ಟಿಲು ನಾರ್ತ್ ಮತ್ತು ಸೌತ್. ಅದರ ಕೆಳಗಿನ ನಾಲ್ಕು ವಿಭಾಗಗಳಲ್ಲಿ ನೀವು ಹಿಂಬಾಲಿಸಬಹುದಾದ ಲೀಗ್ ನಡೆಯುವುದಿಲ್ಲ. ಆದರೂ ಪ್ರತಿ ವರ್ಷ ಅಲ್ಲಿಂದ ಎಂಟು ತಂಡ ಮೇಲೆ ಬರಲೇಬೇಕು, ಇಲ್ಲದಿದ್ದರೆ 48ರ ಲೆಕ್ಕ ತಪ್ಪುತ್ತದೆ. ಹಾಗಾಗಿ ಕ್ಲಬ್ಬಿನ ಹೆಸರು, ವರ್ಚಸ್ಸು ನೋಡಿ ಗೇಮ್ ಕೆಲವರನ್ನು ಆರಿಸುತ್ತದೆ, ಅದರಲ್ಲಿ ಸ್ವಲ್ಪ ಅದೃಷ್ಟವೂ ಸೇರಿರುತ್ತದೆ. ಪರಿಣಾಮ ಏನಾಗುತ್ತದೆ? ಹೆಸರಿರುವ ಹಳೇ ಕ್ಲಬ್ ಬಿದ್ದರೆ ಬೇಗ ವಾಪಸ್ ಬರುತ್ತದೆ. ಸಣ್ಣ ಊರಿನ ಕ್ಲಬ್ ಬಿದ್ದರೆ ಮತ್ತೆ ಮುಖ ತೋರಿಸುವುದು ಕಷ್ಟ. ಇದು ಬೇಡ ಅನ್ನಿಸಿದರೆ ಏಳು, ಎಂಟು, ಒಂಬತ್ತನೇ ಮೆಟ್ಟಿಲನ್ನೂ ಸೇರಿಸುವ ಫೈಲ್‌ಗಳನ್ನು ಅಭಿಮಾನಿಗಳು ಮಾಡಿದ್ದಾರೆ. ಹಾಕಿಕೊಂಡರೆ ಬಡ್ತಿ ಟೇಬಲ್‌ನಿಂದಲೇ ಬರುತ್ತದೆ. ಆದರೆ ಹಳೇ ಲ್ಯಾಪ್‌ಟಾಪ್ ಇದ್ದರೆ ಒಂದು ವಾರ ಮುಂದೆ ಸರಿಯುವಷ್ಟರಲ್ಲಿ ನಿಮ್ಮ ಚಹಾ ಆರಿರುತ್ತದೆ.

ಈಗ ಏನು ಮಾಡಬೇಕು? ಹೊಸ ಸೀಸನ್‌ನ ಮೊದಲ ದಿನವೇ ಲೀಗ್‌ನ ಪುಟದಲ್ಲಿರುವ ನಿಯಮಗಳ ಭಾಗ ತೆರೆದು ಓದಿ. ಎಷ್ಟು ಸೀಟು, ಪ್ಲೇ-ಆಫ್ ಎಷ್ಟನೇ ಸ್ಥಾನದವರೆಗೆ, ಪಾಯಿಂಟ್ ಸಮವಾದರೆ ಏನು ನೋಡುತ್ತಾರೆ, ಎಲ್ಲ ಅಲ್ಲೇ ಇದೆ. ಇಲ್ಲಿ ಪಾಯಿಂಟ್ ಸಮವಾದರೆ ಮೊದಲು ಗೋಲು ಅಂತರ, ಆಮೇಲೆ ಹೊಡೆದ ಗೋಲು. ಹಾಗಾಗಿ 3–0 ಮುಂದಿದ್ದಾಗ ಬಾಗಿಲು ಹಾಕಿಕೊಂಡು ಕೂರಬೇಡಿ. ನಾಲ್ಕನೆಯದಕ್ಕೂ ಹೋಗಿ.

ಆಟಗಾರರ ಒಪ್ಪಂದದಲ್ಲಿ ಬಡ್ತಿಯಾದರೆ ಸಂಬಳ ಏರಿಕೆ, ಹಿಂಬಡ್ತಿಯಾದರೆ ಇಳಿಕೆ ಅನ್ನುವ ಷರತ್ತುಗಳಿವೆ. ಏರಿಕೆಯ ಷರತ್ತನ್ನು ಏಜೆಂಟ್ ಕೇಳಿದ ಅಂತ ಎಲ್ಲರಿಗೂ ಕೊಡಬೇಡಿ. ಮೇಲೆ ಹೋದ ವರ್ಷವೇ ಕ್ಲಬ್ ಸಾಲಕ್ಕೆ ಬೀಳುವುದು ಹೆಚ್ಚಾಗಿ ಇದರಿಂದಲೇ. ಮಾರ್ಚ್ ಕೊನೆಗೆ ಮೊದಲ ಸ್ಥಾನ ಕೈಜಾರಿತು ಅನ್ನಿಸಿದರೆ, ಎರಡನೇ ಸ್ಥಾನಕ್ಕೋ ಮೂರನೇ ಸ್ಥಾನಕ್ಕೋ ಅಂತ ಆಟಗಾರರನ್ನು ಸುಸ್ತು ಮಾಡಬೇಡಿ. ಎರಡಕ್ಕೂ ಸೆಮಿಫೈನಲ್ ಹೋಮ್ ಪಂದ್ಯವೇ. ಮೂರಕ್ಕಿಂತ ಕೆಳಗೆ ಜಾರಬೇಡಿ, ಅದು ಮಾತ್ರ ದುಬಾರಿ. ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟು, ಹಳದಿ ಕಾರ್ಡ್ ಲೆಕ್ಕ ನೋಡಿಕೊಂಡು ಪ್ಲೇ-ಆಫ್‌ಗೆ ಹೋಗಿ.

ಕೊನೆಯದಾಗಿ, ಇಂಡಿಯಾ ಲೀಗ್. ಬೆಂಗಳೂರಿನ ಸ್ಥಳೀಯ ಲೀಗ್‌ನಲ್ಲಿ ಸೂಪರ್ ಡಿವಿಷನ್, ಎ ಡಿವಿಷನ್ ಅಂತ ಮೆಟ್ಟಿಲುಗಳಿವೆ. ದೇಶದ ತುದಿಯಲ್ಲಿ, ಅಂದರೆ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಮತ್ತು ಐ-ಲೀಗ್‌ನಲ್ಲಿ, ಕಥೆ ಬೇರೆ. ಬೆಂಗಳೂರು ಎಫ್‌ಸಿ 2013–14 ಮತ್ತು 2015–16ರಲ್ಲಿ ಐ-ಲೀಗ್ ಗೆದ್ದರೂ, 2017ರಲ್ಲಿ ಐಎಸ್ಎಲ್ ಸೇರಿದ್ದು ಬಡ್ತಿ ಪಡೆದಲ್ಲ, ಹೊಸ ಕ್ಲಬ್‌ಗಳಿಗೆ ಕರೆದ ಬಿಡ್ ಮೂಲಕ. ಐ-ಲೀಗ್ ಚಾಂಪಿಯನ್‌ಗೆ ಮೇಲಿನ ಬಾಗಿಲು ತೆರೆದ ಮೇಲೆ 2023ರಲ್ಲಿ ಪಂಜಾಬ್, 2024ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಹೋದವು. ಆ ವರ್ಷಗಳಲ್ಲಿ ಐಎಸ್ಎಲ್‌ನಿಂದ ಯಾರೂ ಕೆಳಗೆ ಬೀಳಲಿಲ್ಲ. ಬೀಳುವ ಭಯ ಇರಲಿಲ್ಲ ಅನ್ನುವ ಅರ್ಥದಲ್ಲಿ ಆಗ ಗೋಳು ಕಡಿಮೆ ಇತ್ತು. ಆದರೆ ಟೇಬಲ್ಲೇ ಅಂತಿಮ ಅಂದುಕೊಳ್ಳಬೇಡಿ. 2024–25ರ ಐ-ಲೀಗ್‌ನಲ್ಲಿ ಚರ್ಚಿಲ್ ಬ್ರದರ್ಸ್ ಚಾಂಪಿಯನ್ ಅಂತ ಘೋಷಣೆಯೂ ಆಗಿತ್ತು. ಇಂಟರ್ ಕಾಶಿ ಕ್ರೀಡಾ ಪಂಚಾಯ್ತಿ ನ್ಯಾಯಾಲಯಕ್ಕೆ ಹೋಯಿತು. 2025ರ ಜುಲೈನಲ್ಲಿ ತೀರ್ಪು ಬಂದು ಚಾಂಪಿಯನ್ ಪಟ್ಟ ಇಂಟರ್ ಕಾಶಿಗೆ ಹೋಯಿತು. ಸದ್ಯಕ್ಕೆ ನಿಮ್ಮ ಸೇವ್ ಅಳಿಸಬೇಡಿ. ಸೌತ್‌ನಲ್ಲೇ ಒಂದು ಸೀಸನ್ ಆಡಿ ನೋಡಿ, ಸೀಟು ಅಲ್ಲೂ ಎರಡೇ.